ಸಂಜಿಗೆ ಬಲ್ಬ್ ಆಫ್‌ಲೈನ್ ಆಗೂದಕ್ಕ

ಪುಣೆ ಹಿಂಜೆವಾಡಿ ಫ್ಲ್ಯಾಟಿನ್ಯಾಗ ಸ್ಮಾರ್ಟ್ ಬಲ್ಬು, ಪ್ಲಗ್ಗು ದಿನಾ ಸಂಜಿಗೆ ಆಫ್‌ಲೈನ್ ಹೋಗ್ತಾವ, ಮೊಬೈಲ್‌ನ್ಯಾಗ ಮಾತ್ರ ಅದೇ ವೈಫೈ ಛಲೋ ಬರ್ತದ ಅಂದ್ರಲ್ರಿ, ಹಂಗಾದ್ರ ಬಲ್ಬ್ ಕೆಟ್ಟಿರೂದು ಕಡಿಮಿ, ಸದ್ಯಕ್ಕ ಹೊಸಾದು ತಗೋಬ್ಯಾಡ್ರಿ. ಇಂಥಾವು ಹೆಚ್ಚಿನ್ವು ವೈಫೈದ 2.4 ಗಿಗಾಹರ್ಟ್ಸ್ ಬ್ಯಾಂಡ್ (ಸಿಗ್ನಲ್ ಓಡೂ ಪಟ್ಟಿ) ಮ್ಯಾಲ ಮಾತ್ರ ಓಡ್ತಾವ, ಮೊಬೈಲ್ ಹೆಚ್ಚಾಗಿ 5 ಗಿಗಾಹರ್ಟ್ಸ್ ಮ್ಯಾಲ ಇರ್ತದ, ಸಂಜಿಗೆ ಎಲ್ಲಾರೂ ಆಫೀಸ್ ಬಿಟ್ಟು ಮನಿಗೆ ಬಂದ್ಮ್ಯಾಲ ಇಡೀ ಬಿಲ್ಡಿಂಗಿನ ವೈಫೈ ಅದೇ 2.4ರಾಗ ಗದ್ದಲ ಹಾಕ್ತದ. ರೌಟರ್ ಸೆಟ್ಟಿಂಗ್‌ನ್ಯಾಗ 2.4ರ ಚಾನಲ್ (ಬ್ಯಾಂಡಿನೊಳಗಿನ ಸಣ್ಣ ದಾರಿ) ಆಟೋ ತಗದು 1, 6, 11 ಇದ್ರಾಗ ಯಾವ್ದು ಖಾಲಿ ಅದ ಅಂತ ವೈಫೈ ಅನಲೈಸರ್ ಆಪ್‌ನ್ಯಾಗ ನೋಡಿ ಅದನ್ನ ಇಡ್ರಿ (ಸಂಜಿಗೇ ನೋಡ್ರಿ ಮತ್ತ, ಮಧ್ಯಾಹ್ನ ಎಲ್ಲಾ ಖಾಲಿನ ಕಾಣ್ತದ), ಚಾನಲ್ ವಿಡ್ತ್ (ಅಗಲ) 20 ಮೆಗಾಹರ್ಟ್ಸ್ ಸಾಕು. 2.4, 5 ಎರಡೂ ಬ್ಯಾಂಡಿನ ವೈಫೈಗೆ ಒಂದೇ ಹೆಸರಿದ್ರ ಬ್ಯಾರೆ ಬ್ಯಾರೆ ಮಾಡಿ, ಬಲ್ಬು, ಪ್ಲಗ್ಗಿಗೆ 2.4ದ್ದು ಕೊಡ್ರಿ. ರೌಟರ್ ಟಿವಿ ಹಿಂದ ಇಟ್ಟಿದ್ರ ಹೊರಗ ತಗೀರಿ. ಆಮ್ಯಾಲೂ ಹಂಗ ಆದ್ರ ರೌಟರ್ ಮಾಡೆಲ್ ಹಾಕ್ರಿ, ನೋಡೂಣು.