ಮಕ್ಕಳು ಯೂನಿವರ್ಸಿಟಿ ಸೇರಿದ್ಮೇಲೆ ಮನೆಯವ್ರು ಏನ್ ಮಾಡ್ಬೇಕು? ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯದ್ದು. ಮಗನೋ ಮಗಳೋ ಹೊಸದಾಗಿ ಯೂನಿವರ್ಸಿಟಿ ಸೇರಿದಾರೆ, ಮನೇಲಿ ಎಲ್ರಿಗೂ ಒಂಥರಾ ಆಗೋಗಿದೆ, ಹೆಂಗ್ ನಡ್ಕೋಬೇಕು ಅಂತ ಗೊತ್ತಾಗ್ತಿಲ್ಲ ಅಂತ. ಹಂಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ. ನಾನು 20 ವರ್ಷಕ್ಕೂ ಜಾಸ್ತಿ ಫಸ್ಟ್ ಇಯರ್ ಮಕ್ಕಳಿಗೇ ಪಾಠ ಮಾಡಿದೋಳು, ನನ್ನ ಮಗಳನ್ನ ಹಾಸ್ಟೆಲ್‌ಗೆ ಬಿಟ್ಟು ಬರೋವಾಗ ದಾರಿ ಪೂರ್ತಿ ಅತ್ತೋಳೂ ಹೌದು.

ಪ್ರಶ್ನೆ: ಮೇಡಂ, ಮಗಳು ಹಾಸ್ಟೆಲ್ ಸೇರಿ 3 ವಾರ ಆಯ್ತು. ದಿನಾ ರಾತ್ರಿ ಫೋನ್ ಮಾಡಿ ಅಳ್ತಾಳೆ, "ಅಪ್ಪಾ ನಂಗಿಲ್ಲಿ ಆಗಲ್ಲ, ಬಂದು ಕರ್ಕೊಂಡ್ ಹೋಗು" ಅಂತಾಳೆ. ನನ್ನ ಹೆಂಡ್ತಿ ನಾಳೆನೇ ಹೊರಡೋಣ ಅಂತಿದಾಳೆ. ಕರ್ಕೊಂಡ್ ಬಂದ್ರೆ ಓದು ಹಾಳು, ಬಿಟ್ರೆ ಮಗು ಏನಾಗತ್ತೋ ಅನ್ನೋ ಭಯ. ಏನ್ ಮಾಡ್ಲಿ?

ಉತ್ತರ: ಸರ್, ಮೊದ್ಲು ಒಂದು ಸಮಾಧಾನ ಮಾಡ್ಕೊಳಿ, ಅವಳು ಅಳ್ತಿರೋದು ನಿಮ್ಮ ಹತ್ರ. ಯಾರ ಹತ್ರಾನೂ ಹೇಳದೆ ಒಳಗೊಳಗೇ ನುಂಗ್ಕೊಳೋ ಮಕ್ಕಳ ಬಗ್ಗೆ ನಂಗೆ ಜಾಸ್ತಿ ಚಿಂತೆ.

ಇನ್ನೊಂದು, ರಾತ್ರಿ ಹೊತ್ತು ಅನ್ನೋದೇ ಕೆಟ್ಟದ್ದು. ದಿನ ಪೂರ್ತಿ ಹೊಸ ಜಾಗ ಹೊಸ ಮುಖ ಅಂತ ಓಡಾಡಿ ಸುಸ್ತಾಗಿ ರೂಮಿಗೆ ಬಂದು ಲೈಟ್ ಆರ್ಸಿದ ತಕ್ಷಣ ಮನೆ ನೆನಪಾಗತ್ತೆ, ಫೋನ್ ಮಾಡ್ತಾರೆ, ಅಳ್ತಾರೆ, ಹಗುರಾಗಿ ಮಲಗ್ತಾರೆ, ನಿದ್ದೆ ಕೆಡೋದು ಅಪ್ಪ ಅಮ್ಮಂದು. ಒಂದು ಸಲ ಬೆಳಗ್ಗೆ ಬೆಳಗ್ಗೆನೇ ಒಬ್ರು ತಂದೆ ನಂಗೆ ಫೋನ್ ಮಾಡಿದ್ರು, ರಾತ್ರಿ ಮಗ ಎರಡು ಗಂಟೆ ಅತ್ತ ಮೇಡಂ ದಯವಿಟ್ಟು ನೋಡಿ ಅಂತ, ಪಾಪ ಅವರ ದನಿನೇ ನಡುಗ್ತಿತ್ತು. ಕ್ಲಾಸಿಗೆ ಹೋಗಿ ನೋಡಿದ್ರೆ ಹುಡುಗ ಎರಡನೇ ಬೆಂಚಲ್ಲಿ ಪಕ್ಕದವನ ಜೊತೆ ಒಂದೇ ಇಯರ್‌ಫೋನ್ ಹಂಚ್ಕೊಂಡು ನಗ್ತಾ ಕೂತಿದಾನೆ. ರಾತ್ರಿ ಅತ್ತಿದ್ದು ಸುಳ್ಳು ಅಂತ ಹೇಳ್ತಿಲ್ಲ, ಎರಡೂ ನಿಜ. ನಿಮಗೆ ಮಾತ್ರ ರಾತ್ರಿದಷ್ಟೇ ಕಾಣತ್ತೆ.

ಹಂಗಂತ "ಇಷ್ಟಕ್ಕೆಲ್ಲ ಅಳ್ತಾರಾ" ಅನ್ಬೇಡಿ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ, ಅವರ ಜೊತೆ ಕೆಲ್ಸ ಮಾಡಿದ ಮೇರಿ ಐನ್ಸ್‌ವರ್ತ್ ಇವರೆಲ್ಲ ಚಿಕ್ಕ ಮಕ್ಕಳನ್ನ ನೋಡಿ ಹೇಳಿದ್ದೇನಂದ್ರೆ, ಅಮ್ಮ ಅಲ್ಲೇ ಇದಾಳೆ ಅನ್ನೋ ಧೈರ್ಯ ಇದ್ರೇನೇ ಮಗು ದೂರ ಹೋಗಿ ಆಟ ಆಡತ್ತೆ, ಆಗಾಗ ತಿರುಗಿ ನೋಡತ್ತೆ, ಮತ್ತೆ ಆಟಕ್ಕೆ ಹೋಗತ್ತೆ. 18ರ ವಯಸ್ಸಲ್ಲೂ ಸುಮಾರಾಗಿ ಅದೇ ಕಥೆ, ರಾತ್ರಿ ಫೋನು ಅಂದ್ರೆ ಆ ತಿರುಗಿ ನೋಡೋದು ಅಷ್ಟೇ. ನೀವು ಅಲ್ಲೇ ಇದೀರ ಅಂತ ಗೊತ್ತಾದ್ರೆ ಸಾಕು.

ಹಾಗಾಗಿ ಫೋನಲ್ಲಿ ಪರಿಹಾರ ಹೇಳೋಕೆ ಹೋಗ್ಬೇಡಿ, ಪೂರ್ತಿ ಕೇಳಿಸ್ಕೊಳಿ. ಅತ್ತು ಮುಗಿದ್ಮೇಲೆ ಒಂದೇ ಒಂದು ಸಣ್ಣ ಪ್ರಶ್ನೆ ಕೇಳಿ, "ನಾಳೆ ಊಟಕ್ಕೆ ಯಾರ ಜೊತೆ ಹೋಗ್ತೀಯಾ?" ಅಂತ. ಯಾರೂ ಇಲ್ಲ ಅಂದ್ರೆ ಪಕ್ಕದ ರೂಮಿನ ಹುಡುಗಿನ ಕರೀತೀಯಾ ಅಂತ ಕೇಳಿ. ಮಾರನೇ ದಿನ ಅದನ್ನ ನೆನಪಿಟ್ಟು ವಿಚಾರ್ಸಿ. ಮತ್ತೆ ಅವಳ ಕೋರ್ಸಿನ ಸೀನಿಯರ್ ಒಬ್ಬರ ಹತ್ರ ಮಾತಾಡೋಕೆ ಹೇಳಿ, ಇದು ಸುಮ್ನೆ ಹೇಳ್ತಿಲ್ಲ. ಅಮೆರಿಕದಲ್ಲಿ ಗ್ರೆಗರಿ ವಾಲ್ಟನ್, ಜೆಫ್ರಿ ಕೋಹೆನ್ ಅನ್ನೋ ಇಬ್ರು ಒಂದು ಪ್ರಯೋಗ ಮಾಡಿ 2011ರಲ್ಲಿ 'ಸೈನ್ಸ್' ಪತ್ರಿಕೇಲಿ ಬರೆದ್ರು. ಫಸ್ಟ್ ಇಯರ್ ಮಕ್ಕಳಿಗೆ ಸೀನಿಯರ್‌ಗಳ ಅನುಭವ ಓದಿಸಿದ್ರು, ನಮಗೂ ಮೊದಮೊದ್ಲು ಇದು ನಮ್ಮ ಜಾಗ ಅಲ್ಲ ಅನ್ಸಿತ್ತು, ಆಮೇಲೆ ಸರಿಹೋಯ್ತು ಅನ್ನೋ ಥರದ್ದು. ಸುಮಾರು ಒಂದು ಗಂಟೆ ಕೆಲ್ಸ ಅಷ್ಟೇ. ತಾವು ಇಲ್ಲಿಗೆ ಸೇರಿದೋರಲ್ವೇನೋ ಅನ್ನೋ ಅನುಮಾನ ಜಾಸ್ತಿ ಕಾಡೋ ಕಪ್ಪು ಜನಾಂಗದ ವಿದ್ಯಾರ್ಥಿಗಳ ಅಂಕಗಳ ಮೇಲೆ ಅದರ ಒಳ್ಳೇ ಪರಿಣಾಮ 3 ವರ್ಷ ಆದ್ಮೇಲೂ ಕಾಣಿಸ್ತು. "ನಂಗೊಬ್ಳಿಗೇ ಹಿಂಗಾಗ್ತಿರೋದು" ಅನ್ನೋ ಭಾವನೆ ಹೋದ್ರೇನೇ ಅರ್ಧ ಭಾರ ಇಳಿಯತ್ತೆ.

ನಾಳೆನೇ ಹೊರಡ್ಬೇಡಿ. ಆದ್ರೆ ಯಾವತ್ತು ಬರ್ತೀರ ಅಂತ ಒಂದು ತಾರೀಕು ಹೇಳಿ, ಹೇಳಿದ್ ದಿನ ಹೋಗಿ. ಪ್ರತಿ ವಾರಾನೂ ಕರ್ಕೊಂಡ್ ಬರೋದು ಬೇಡ, ಹಾಸ್ಟೆಲ್‌ನಲ್ಲಿ ಸ್ನೇಹ ಬೆಳೆಯೋದೇ ಶನಿವಾರ ಭಾನುವಾರ.

ಒಂದು ವಿಷ್ಯ ಮಾತ್ರ ಗಮನ ಇಟ್ಟು ಓದಿ. 2 ವಾರಕ್ಕಿಂತ ಜಾಸ್ತಿ ದಿನದಿಂದ ಹಗಲೂ ಹೀಗೇ ಇದಾಳೆ, ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಕ್ಲಾಸಿಗೇ ಹೋಗ್ತಿಲ್ಲ ಅಂದ್ರೆ ಅದು ಬರೀ ಮನೆ ನೆನಪಲ್ಲ, ಕೌನ್ಸೆಲರ್‌ಗೋ ಡಾಕ್ಟರ್‌ಗೋ ತೋರಿಸ್ಲೇಬೇಕು. ಬದುಕೋದೇ ಬೇಡ ಅನ್ನೋ ಅರ್ಥದ ಮಾತು ಒಂದ್ ಸಲ ಬಂದ್ರೂ ಸಾಕು, ಅದೇ ಕ್ಷಣ ವಾರ್ಡನ್‌ಗೆ ಫೋನ್ ಮಾಡಿ ಅವಳ ಜೊತೆ ಇರೋಕೆ ಹೇಳಿ, ನೀವು ಹೊರಡಿ. ಅವಾಗ ಓದು ಗೀದು ಯಾವ್ದೂ ಯೋಚ್ನೆ ಮಾಡ್ಬೇಡಿ.

ಪ್ರಶ್ನೆ: ನಮ್ಮ ವಂಶದಲ್ಲೇ ಯೂನಿವರ್ಸಿಟಿ ಮೆಟ್ಲು ಹತ್ತಿರೋದು ನನ್ನ ಮಗ ಒಬ್ನೇ. ನಾನೂ ಅವರಪ್ಪನೂ ಓದಿದ್ದು ಕಮ್ಮಿ. ಅವನು ಏನ್ ಓದ್ತಿದಾನೆ ಅನ್ನೋದೇ ಅರ್ಥ ಆಗಲ್ಲ, ಹಂಗಿರೋವಾಗ ನಾವು ಏನ್ ತಾನೆ ಸಹಾಯ ಮಾಡೋಕಾಗತ್ತೆ?

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದ್ದೆ. ನಿಮ್ಮಿಂದ ತುಂಬಾ ಆಗತ್ತೆ.

ಪಾಠ ಹೇಳ್ಕೊಡೋಕೆ ಮೇಷ್ಟ್ರುಗಳಿದಾರೆ. ಓದಿದ ಮನೆಯಿಂದ ಬರೋ ಮಕ್ಕಳಿಗೆ ಸುಲಭವಾಗಿ ಸಿಗೋದು ಬೇರೆ ಒಂದಿದೆ, ಅಲ್ಲಿನ ರೀತಿ ರಿವಾಜು. ಕ್ರೆಡಿಟ್ ಅಂದ್ರೇನು, ಹಾಜರಾತಿ ಕಮ್ಮಿ ಆದ್ರೆ ಯಾರನ್ನ ನೋಡ್ಬೇಕು, ಮೇಷ್ಟ್ರ ರೂಮಿನ ಬಾಗ್ಲು ತಟ್ಬೋದಾ ತಟ್ಬಾರ್ದಾ, ಇದನ್ನೆಲ್ಲ ಯಾರೂ ಕೂರಿಸ್ಕೊಂಡು ಹೇಳ್ಕೊಡಲ್ಲ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗ ಇದ್ದ, ಅವನ ಅಮ್ಮನೂ ನಿಮ್ಮ ಥರಾನೇ. ಆ ತಾಯಿ ಪ್ರತಿ ಭಾನುವಾರ ಫೋನಲ್ಲಿ ಒಂದೇ ಪ್ರಶ್ನೆ ಕೇಳ್ತಿದ್ರಂತೆ, "ಈ ವಾರ ಯಾವ್ ಮೇಷ್ಟ್ರ ಹತ್ರ ಮಾತಾಡ್ದೆ?" ಅಂತ. ಇಲ್ಲ ಅನ್ನೋಕೆ ಬೇಜಾರಾಗಿ ಆ ಹುಡುಗ ಕೈಯಲ್ಲಿ ಒಂದು ಚೀಟಿ ಹಿಡ್ಕೊಂಡು ನನ್ನ ರೂಮಿನ ಹೊರಗೆ ನಿಂತಿರ್ತಿದ್ದ, ಚೀಟೀಲಿ ಒಂದೇ ಒಂದು ಡೌಟು, ಮಡಚಿ ಮಡಚಿ ಅಕ್ಷರ ಅಳಿಸೋಗಿರ್ತಿತ್ತು. ವರ್ಷ ಮುಗಿಯೋ ಹೊತ್ತಿಗೆ ಬಾಗ್ಲು ತಟ್ಟದೇನೇ ಒಳಗೆ ಬರ್ತಿದ್ದ. ಅದು ಆ ತಾಯಿ ಮಾಡಿದ ಕೆಲ್ಸ.

ನೀವೂ ಕೇಳಿ. ಇವತ್ತು ಏನ್ ಹೇಳ್ಕೊಟ್ರು, ನಂಗೆ ಅರ್ಥ ಆಗೋ ಹಂಗೆ ಹೇಳು ಅನ್ನಿ. ನಿಮಗೆ ಹೇಳೋಕೆ ಹೋಗಿ ಅವನಿಗೇ ಎಲ್ಲಿ ಅರ್ಥ ಆಗಿಲ್ಲ ಅಂತ ಗೊತ್ತಾಗತ್ತೆ. "ನಾನು ಇಲ್ಲಿರೋಕೆ ಲಾಯಕ್ಕಿಲ್ಲ, ಅದೃಷ್ಟಕ್ಕೆ ಸೀಟ್ ಸಿಕ್ತು" ಅಂತೇನಾದ್ರೂ ಅಂದ್ರೆ ಗಾಬರಿ ಬೇಡ, ಚೆನ್ನಾಗಿ ಓದೋರನ್ನೂ ಕಾಡೋ ಯೋಚ್ನೆ ಅದು. ಪಾಲಿನ್ ಕ್ಲಾನ್ಸ್, ಸುಝಾನ್ ಐಮ್ಸ್ ಅನ್ನೋರು 1978ರಲ್ಲೇ ಇದಕ್ಕೆ 'ಇಂಪೋಸ್ಟರ್ ಫಿನಾಮಿನನ್' ಅಂತ ಹೆಸರಿಟ್ರು, ಅವರು ನೋಡಿದ್ದೆಲ್ಲ ದೊಡ್ಡ ದೊಡ್ಡ ಸಾಧನೆ ಮಾಡಿದ ಹೆಂಗಸರನ್ನೇ.

ಇನ್ನೊಂದು ಸಹಾಯ ಇದೆ, ಇದು ಮನೆಯವರು ಮಾತ್ರ ಮಾಡೋಕಾಗೋದು. ಮನೇಲಿ ಓದ್ಕೊಂಡಿರೋನು ಅವನೊಬ್ನೇ ಅಂತ ಬ್ಯಾಂಕ್ ಕೆಲ್ಸ, ಫಾರಂ ತುಂಬೋದು, ಯಾರದೋ ಆಸ್ಪತ್ರೆ ಓಡಾಟ ಎಲ್ಲಾ ಅವನ ತಲೆ ಮೇಲೇ ಬೀಳತ್ತೆ. ಪರೀಕ್ಷೆ ತಿಂಗಳಾದ್ರೂ ಅದನ್ನ ಬೇರೆ ಯಾರಾದ್ರೂ ಹೊತ್ಕೊಳಿ.

ಪ್ರಶ್ನೆ: ಮೊದಲ ಟೆಸ್ಟಲ್ಲೇ ಮಗ ಫೇಲ್. ಸ್ಕೂಲಲ್ಲಿ ಯಾವಾಗ್ಲೂ ಮೊದಲ ಸಾಲಲ್ಲಿದ್ದೋನು. ಸಿಟ್ಟಲ್ಲಿ ಚೆನ್ನಾಗಿ ಬೈದ್ಬಿಟ್ಟೆ, ಈಗ ಫೋನೇ ಎತ್ತಲ್ಲ.

ಉತ್ತರ: ಮೊದ್ಲು ಸಾರಿ ಕೇಳಿ. ಅಪ್ಪ ಅನ್ನೋ ಬಿಗುಮಾನ ಬಿಟ್ಟು ಒಂದು ವಾಯ್ಸ್ ಮೆಸೇಜ್ ಕಳ್ಸಿ, "ಬೈದಿದ್ದು ತಪ್ಪಾಯ್ತು, ನಿಂಗೆ ಮನಸ್ಸಾದಾಗ ಫೋನ್ ಮಾಡು" ಅಷ್ಟೇ, ಅದರ ಬಾಲಕ್ಕೆ ಬುದ್ಧಿವಾದ ಸೇರಿಸ್ಬೇಡಿ.

ಆಮೇಲೆ, ಅವನು ಫೋನ್ ಮಾಡಿದಾಗ, ಹೆಂಗ್ ಓದ್ತಿದಾನೆ ಅಂತ ಕೇಳಿ. ಎಷ್ಟ್ ಹೊತ್ತು ಓದಿದೆ ಅಂತಲ್ಲ. ಸ್ಕೂಲಲ್ಲಿ ಅದೇ ಪುಟ ನಾಕ್ ಸಲ ಓದಿದ್ರೆ ನಡೀತಿತ್ತು, ಇಲ್ಲಿ ಒಂದು ವಾರಕ್ಕೆ ಬರೋ ಪಾಠ ನೋಡಿದ್ರೆ ಅದು ನಡಿಯಲ್ಲ. 2006ರಲ್ಲಿ ರೋಡಿಗರ್, ಕಾರ್ಪಿಕಿ ಅನ್ನೋ ಮನಶ್ಶಾಸ್ತ್ರಜ್ಞರು ಕೆಲವರಿಗೆ ಒಂದು ಪಾಠನ ಮತ್ತೆ ಮತ್ತೆ ಓದೋಕೆ ಹೇಳಿದ್ರು, ಇನ್ನು ಕೆಲವರಿಗೆ ಓದಿ ಮುಚ್ಚಿಟ್ಟು ನೆನಪಿರೋದನ್ನ ಬರೆಯೋಕೆ ಹೇಳಿದ್ರು. 5 ನಿಮಿಷ ಬಿಟ್ಟು ಕೇಳಿದ್ರೆ ಮತ್ತೆ ಮತ್ತೆ ಓದಿದೋರೇ ಮುಂದೆ, ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದೋರಿಗೆ ಜಾಸ್ತಿ ನೆನಪಿತ್ತು. ಇದನ್ನ ನಾನು ಪ್ರತಿ ವರ್ಷ ಮೊದಲ ವಾರದಲ್ಲೇ ಹೇಳ್ತಿದ್ದೆ, ಮೊದಲ ಟೆಸ್ಟ್ ಕೆಟ್ಟ ಮೇಲೇನೇ ಮಕ್ಕಳು ಕಿವಿಗೆ ಹಾಕ್ಕೊಳೋದು. ಉತ್ತರ ಪತ್ರಿಕೆ ತಗೊಂಡು ಮೇಷ್ಟ್ರ ಹತ್ರ ಹೋಗಿ ಎಲ್ಲೆಲ್ಲಿ ಅಂಕ ಹೋಯ್ತು ಅಂತ ಕೇಳೋಕೆ ಹೇಳಿ. ಅವನೇ ಹೋಗ್ಲಿ, ನೀವು ಮೇಷ್ಟ್ರಿಗೆ ಫೋನ್ ಮಾಡ್ಬೇಡಿ. ರಾತ್ರಿ ಪೂರ್ತಿ ಎದ್ದು ಓದ್ತಿದಾನೆ ಅಂದ್ರೆ ಅದನ್ನೂ ಬಿಡ್ಸಿ, ಆ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು.

ಪ್ರಶ್ನೆ: ಮಗಳ ಫೋನಿಗೆ ಲೊಕೇಶನ್ ಆ್ಯಪ್ ಹಾಕಿದೀನಿ, ಅವಳಿಗೆ ಗೊತ್ತಿಲ್ಲ. ಸೇಫ್ಟಿಗೆ ಅಂತ. ತಪ್ಪಾ?

ಉತ್ತರ: ಗೊತ್ತಿಲ್ದೇ ಹಾಕಿದ್ದು ತಪ್ಪು. ಇವತ್ತೇ ಹೇಳ್ಬಿಡಿ, ತೆಗೀಬೇಕಾ ಬೇಡ್ವಾ ಅವಳೇ ತೀರ್ಮಾನ ಮಾಡ್ಲಿ. ಅವಳಾಗೇ ಯಾವತ್ತಾದ್ರೂ ಗೊತ್ತು ಮಾಡ್ಕೊಂಡ್ರೆ ಫೋನ್ ರೂಮಲ್ಲಿ ಬಿಟ್ಟು ಹೋಗೋಕೆ ಶುರು ಮಾಡ್ತಾಳೆ, ನಿಜವಾಗ್ಲೂ ಕಷ್ಟ ಬಂದಾಗ ಕೈಯಲ್ಲಿ ಫೋನೇ ಇರಲ್ಲ. ತಡ ಆದ್ರೆ ಒಂದು ಮೆಸೇಜ್ ಹಾಕು, ಎಷ್ಟೊತ್ತಿಗಾದ್ರೂ ಸರಿ ಕರಿ, ಬೈಯಲ್ಲ ಅಂತ ಮಾತು ಕೊಡಿ. ಕೊಟ್ಮೇಲೆ ಬೈಬೇಡಿ.

ಪ್ರಶ್ನೆ: ಮಗಳು ಹೋಗಿ ತಿಂಗಳಾಯ್ತು. ಅವಳ ರೂಮು ನೋಡಿದ್ರೆ ಸಂಕಟ ಆಗತ್ತೆ. ಖಾಲಿ ಮಾಡಿ ತಮ್ಮನಿಗೆ ಕೊಡೋಣ ಅಂತಾರೆ ಮನೇಲಿ. ಕೊಡ್ಲಾ?

ಉತ್ತರ: ಸಂಕಟ ಆಗೋದು ಸಹಜ ಅಮ್ಮ, ಅಳು ಬಂದ್ರೆ ಅತ್ಬಿಡಿ, ಅಕ್ಕನ ಹತ್ರನೋ ಸ್ನೇಹಿತೆ ಹತ್ರನೋ ಹೇಳ್ಕೊಳಿ. ಮಗಳಿಗೆ ಮಾತ್ರ "ನೀನಿಲ್ದೆ ಮನೇನೇ ಬಣಬಣ" ಅಂತ ದಿನಾ ಹೇಳ್ಬೇಡಿ, ಅವಳು ಅಲ್ಲಿ ಖುಷಿಯಾಗಿರೋದೇ ತಪ್ಪೇನೋ ಅನ್ಕೋತಾಳೆ.

ರೂಮು ಮೊದಲ ರಜ ಮುಗಿಯೋವರ್ಗೂ ಹಂಗೇ ಇರ್ಲಿ. ನನ್ನ ಮಗಳು ಮೊದಲ್ನೇ ಸಲ ರಜಕ್ಕೆ ಬಂದಾಗ ಹೆಗಲ ಮೇಲಿನ ಬ್ಯಾಗೂ ಇಳಿಸ್ದೆ ಸೀದಾ ಅವಳ ಟೇಬಲ್ ಹತ್ರ ಹೋಗಿ ಡ್ರಾಯರ್ ಎಳೆದು ನೋಡಿದ್ಲು. ಇಂಕ್ ಮುಗ್ದಿರೋ ಹಳೇ ಪೆನ್ನು, ಮುರಿದಿರೋ ಸ್ಕೇಲು, ಎಲ್ಲಾ ಇಟ್ಟಲ್ಲೇ ಇತ್ತು. ಆಮೇಲೆ ಬ್ಯಾಗ್ ಇಳಿಸಿದ್ಲು. ರಜ ಮುಗ್ಸಿ ಹೊರಡೋ ಹಿಂದಿನ ದಿನ ಅವಳೇ "ಅಮ್ಮಾ ಇದನ್ನೆಲ್ಲ ಬಿಸಾಕು, ಟೇಬಲ್ ಬೇಕಾದ್ರೆ ನೀನ್ ತಗೋ" ಅಂದ್ಲು. ಈ ಉತ್ತರಗಳನ್ನೆಲ್ಲ ಆ ಟೇಬಲ್ ಮೇಲೇ ಬರೀತಿರೋದು.