ವೀಸಾ ಬಂದದ್ದೇ ದೇವರ ಚಿತ್ತವೇ?

ನೀವು ಬರೆದದ್ದು ಇಷ್ಟು: ಊರು ಅಂಕೋಲಾ, ಕೆಲಸ ಸ್ಟಾಫ್ ನರ್ಸ್. ಏಜೆಂಟ್ ಮೂಲಕ ಕುವೈತಿನಲ್ಲಿ ನೌಕರಿ ಸಿಕ್ಕಿದೆ. ಅಮ್ಮನಿಗೆ ವಾರಕ್ಕೆರಡು ಸಲ ಕಾರವಾರದಲ್ಲಿ ಡಯಾಲಿಸಿಸ್ ಆಗಬೇಕು. ಅಣ್ಣ ಮಡಗಾಂವದಲ್ಲಿದ್ದಾನೆ. "ತಿಂಗಳೊಳಗೆ ವೀಸಾ ಬಂದರೆ ಅದೇ ನಿನ್ನ ಚಿತ್ತ" ಎಂದು ಪ್ರಾರ್ಥಿಸಿದಿರಿ, ವೀಸಾ ಬಂತು. ನಿಮ್ಮ ಪಾಸ್ಟರ್ "ದೇವರೇ ಬಾಗಿಲು ತೆರೆದಿದ್ದಾನೆ, ಹೋಗು" ಎಂದರು. ಆದರೂ ರಾತ್ರಿ ನಿದ್ದೆ ಬರುತ್ತಿಲ್ಲ, ದೇವರ ಚಿತ್ತ ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ.

ನಾನು ಕಾರವಾರದ ಕ್ಯಾಥೊಲಿಕ್, ನಿಮ್ಮ ಸಭೆ ಬೇರೆ ಇರಬಹುದು. ಆದರೆ ಇಬ್ಬರೂ ಓದುವುದು ಅದೇ ವಾಕ್ಯ. ನೇರವಾಗಿ ಹೇಳುತ್ತೇನೆ: ವೀಸಾ ಬಂದದ್ದರಿಂದ ನಿಮಗೆ ಕುವೈತಿಗೆ ಹೋಗುವ ದಾರಿ ಸಿಕ್ಕಿದೆ. ಹೋಗಬೇಕೋ ಬೇಡವೋ ಎಂಬುದು ಅದರಿಂದ ತಿಳಿಯುವುದಿಲ್ಲ.

ಗುರುತು ಕೇಳುವ ಆಸೆ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಇದೆ. ನೆರೆಮನೆಯವರು ದೇವಸ್ಥಾನದಲ್ಲಿ ಪ್ರಸಾದ ಕೇಳುತ್ತಾರೆ, ಹೂವು ಬಲಕ್ಕೆ ಬಿತ್ತೋ ಎಡಕ್ಕೆ ಬಿತ್ತೋ ನೋಡುತ್ತಾರೆ. ನಮ್ಮಲ್ಲಿ ಕೆಲವರು ಕಣ್ಣು ಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನೇ ಉತ್ತರ ಎಂದುಕೊಳ್ಳುತ್ತಾರೆ. ಬೈಬಲಿನಲ್ಲಿ ಇಸ್ರಾಯೇಲರ ನಾಯಕ ಗಿದ್ಯೋನನೂ ಉಣ್ಣೆ ಹಾಸಿ ಗುರುತು ಕೇಳಿದನಲ್ಲ ಎಂದು ನೀವು ಹೇಳಬಹುದು. ನ್ಯಾಯಸ್ಥಾಪಕರು 6ನೇ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಏನು ಮಾಡಬೇಕೆಂದು ದೇವರು ಅವನಿಗೆ ಆಗಲೇ ಹೇಳಿಯಾಗಿತ್ತು. "ನೀನು ಹೇಳಿದಂತೆ" ಎಂದು ಗಿದ್ಯೋನನೇ ಒಪ್ಪಿಕೊಂಡು ಮಾತಾಡುತ್ತಾನೆ. ಅವನಿಗೆ ತಿಳಿಯದೆ ಇರಲಿಲ್ಲ, ಧೈರ್ಯ ಸಾಲದೆ ಇತ್ತು. ದೇವರು ಅವನ ಮೇಲೆ ಕರುಣೆ ತೋರಿಸಿದ, ನಿಜ. ಆದರೆ ಎಲ್ಲರೂ ಹೀಗೇ ಕೇಳಿ ಎಂದು ಬೈಬಲ್ ಎಲ್ಲಿಯೂ ಹೇಳಿಲ್ಲ. ಪವಿತ್ರಾತ್ಮ ಇಳಿದು ಬರುವ ಮೊದಲು ಅಪೊಸ್ತಲರು ಯೂದನ ಜಾಗಕ್ಕೆ ಚೀಟಿ ಹಾಕಿ ಮತ್ತೀಯನನ್ನು ಆರಿಸಿದರು. ಆಮೇಲೆ ಯೆರೂಸಲೇಮಿನಲ್ಲಿ ದೊಡ್ಡ ವಿವಾದ ಎದ್ದಾಗ ಎಲ್ಲರೂ ಕೂತು, ವಾದಿಸಿ, ಕೇಳಿಸಿಕೊಂಡು, ಕೊನೆಗೆ ಪವಿತ್ರಾತ್ಮನಿಗೂ ನಮಗೂ ಇದು ಸರಿ ಕಂಡಿದೆ ಎಂದು ಬರೆದರು (ಅಪೊಸ್ತಲರ ಕೃತ್ಯಗಳು 15). ಈ ಎರಡನೆಯ ದಾರಿಯೇ ನಮ್ಮದು.

ದೇವರು ಆಗಲೇ ಹೇಳಿರುವುದನ್ನು ಮೊದಲು ಎದುರಿಗಿಟ್ಟುಕೊಳ್ಳಿ. ಮಾರ್ಕ 7ರಲ್ಲಿ, ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಯೇಸು ಕಟುವಾಗಿಯೇ ಖಂಡಿಸುತ್ತಾನೆ. ಇದನ್ನು ಓದುವಾಗೆಲ್ಲ ನನಗೆ ಭಯವಾಗುತ್ತದೆ. ದೇವರ ಹೆಸರು ಹೇಳಿ ಅಮ್ಮನ ಬಾಯಿ ಮುಚ್ಚಿಸುವುದು ಎಷ್ಟು ಸುಲಭ! ಹಾಗೆಂದು, ತಾಯಿ ಇದ್ದಾಳೆಂದರೆ ಊರು ಬಿಡಲೇಬಾರದು ಎಂದೂ ಅಲ್ಲ. ಶಿಲುಬೆಯ ಮೇಲಿದ್ದ ಯೇಸು ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದ್ದು ಯೋಹಾನ 19ರಲ್ಲಿದೆ. ತಂದೆಯ ಚಿತ್ತಕ್ಕೆ ತಲೆಬಾಗಿ ಹೊರಟವನು, ತಾಯಿಗೆ ಆಸರೆ ಮಾಡಿಟ್ಟೇ ಹೋದ.

ನಿಮ್ಮ ಬರಹದಲ್ಲಿ ಪಾಸ್ಟರ್ ಇದ್ದಾರೆ, ಅಣ್ಣ ಇದ್ದಾನೆ, ಏಜೆಂಟ್ ಇದ್ದಾನೆ. ಅಮ್ಮ ಏನಂದರು ಎಂಬುದು ಮಾತ್ರ ಇಲ್ಲ. ದಯವಿಟ್ಟು ಅವರನ್ನು ಕೇಳಿ. "ಹೋಗಲಾ?" ಎಂದಷ್ಟೇ ಕೇಳಿದರೆ ಯಾವ ತಾಯಿಯೂ ಹೋಗು ಮಗಳೇ ಎಂದುಬಿಡುತ್ತಾಳೆ. "ನಾನಿಲ್ಲದಾಗ ನಿಮಗೆ ಯಾವುದರ ಹೆದರಿಕೆ?" ಎಂದು ಕೇಳಿ. ನಮ್ಮ ಅಪ್ಪ ಪಾರ್ಶ್ವವಾಯು ಬಡಿದು ಮಲಗಿದ್ದಾಗ ನನಗೆ ಮಸ್ಕತ್ತಿನಿಂದ ಕರೆ ಬಂದಿತ್ತು. ಮಂಚದ ಪಕ್ಕ ಕೂತು ಕೇಳಿದೆ. "ಹೋಗು. ನನ್ನ ಔಷಧಿ ತಪ್ಪಬಾರದು, ಅಮ್ಮ ದುಡ್ಡಿಗಾಗಿ ಯಾರ ಮುಂದೂ ಕೈ ಚಾಚಬಾರದು, ಕ್ರಿಸ್ಮಸ್ಸಿಗೆ ನೀನು ಮನೆಯಲ್ಲಿರಬೇಕು" ಎಂದ, ತೊದಲುತ್ತಲೇ. ನನ್ನ ಪ್ರಾರ್ಥನೆಗೆ ಉತ್ತರ ಬಂದದ್ದು ಆ ಬಾಯಿಂದಲೇ ಎಂದು ಇಂದಿಗೂ ನಂಬುತ್ತೇನೆ.

ಇನ್ನು ನಿಮ್ಮ ಸಮಾಧಾನವಿಲ್ಲದ ಮನಸ್ಸಿನ ಮಾತು. ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲ ಮೊದಲು ಸೈನ್ಯದಲ್ಲಿದ್ದವರು. 1521ರಲ್ಲಿ ಪಾಂಪ್ಲೋನದ ಯುದ್ಧದಲ್ಲಿ ಕಾಲು ಮುರಿದು ಹಾಸಿಗೆ ಹಿಡಿದಾಗ ಒಂದು ವಿಷಯ ಗಮನಿಸಿದರು: ಕೆಲವು ಯೋಚನೆ ಆ ಗಳಿಗೆಗೆ ಸುಖ ಕೊಟ್ಟು ಆಮೇಲೆ ಮನಸ್ಸನ್ನು ಒಣಗಿಸುತ್ತವೆ, ಕೆಲವು ಯೋಚನೆಗಳ ಸಂತೋಷ ಉಳಿಯುತ್ತದೆ. ಅವರು ಕಲಿಸಿದ ಕ್ರಮ ಕ್ಯಾಥೊಲಿಕರಿಗೆ ಮಾತ್ರ ಅಲ್ಲ, ನೀವೂ ಮಾಡಬಹುದು. ಹೋದರೆ ಆಗುವ ಒಳಿತು ಕೆಡುಕು, ಉಳಿದರೆ ಆಗುವ ಒಳಿತು ಕೆಡುಕು, ನಾಲ್ಕನ್ನೂ ಬರೆದು ಪ್ರಾರ್ಥನೆಯಲ್ಲಿ ಇಡಿ. ಪರಿಚಯವೇ ಇಲ್ಲದವಳೊಬ್ಬಳು ಇದೇ ಸ್ಥಿತಿಯಲ್ಲಿ ನಿಮ್ಮ ಬಳಿ ಬಂದರೆ ಏನು ಹೇಳುತ್ತಿದ್ದಿರಿ? ಸಾಯುವ ಹೊತ್ತಿಗೆ ಯಾವ ನಿರ್ಧಾರ ಮಾಡಿದ್ದರೆ ಚೆನ್ನಾಗಿತ್ತು ಎನಿಸೀತು? ಮನಸ್ಸಿಗೆ ಕತ್ತಲು ಕವಿದಿರುವಾಗ, ಮೊದಲು ಮಾಡಿದ ನಿರ್ಧಾರ ಬದಲಿಸಬಾರದು ಎಂದೂ ಅವರು ಹೇಳುತ್ತಾರೆ.

ಆದರೆ ನಿಮ್ಮದು ಅಂಥ ಕತ್ತಲು ಎಂದು ನನಗೆ ಅನಿಸುವುದಿಲ್ಲ. ನಿದ್ದೆ ಕೆಡಿಸುತ್ತಿರುವ ಪ್ರಶ್ನೆಗೆ ಸ್ಪಷ್ಟ ರೂಪವಿದೆ: ಜುಲೈ ಮಳೆಯಲ್ಲಿ ಅಮ್ಮನನ್ನು ಕಾರವಾರಕ್ಕೆ ಕರೆದೊಯ್ಯುವವರು ಯಾರು? ಆ ನಾಲ್ಕು ತಾಸು ಹೊರಗೆ ಕಾಯುವವರು ಯಾರು? ಇದು ನಿಮ್ಮ ಆತ್ಮಸಾಕ್ಷಿ ಮಾತಾಡುತ್ತಿರುವುದು. ಅಣ್ಣನ ಜೊತೆ ಕೂತು ಹೆಸರು, ದಿನ, ಖರ್ಚು ಎಲ್ಲ ಗೊತ್ತು ಮಾಡಿಕೊಳ್ಳಿ. ಆಮೇಲೂ ಮನಸ್ಸು ಹಗುರಾಗದಿದ್ದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಡಿಸೆಂಬರ್‌ನಲ್ಲಿ ನಾವೆಲ್ಲ ಹಳೆ ಗೋವಾಕ್ಕೆ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ ಹೋಗುತ್ತೇವೆ. 1540ರಲ್ಲಿ ಭಾರತಕ್ಕೆ ಹೊರಡಬೇಕಾಗಿದ್ದವರು ಅವರಲ್ಲ, ಇಗ್ನೇಷಿಯಸರ ಇನ್ನೊಬ್ಬ ಜೊತೆಗಾರ ಬೊಬಾದಿಯ್ಯಾ. ಬೊಬಾದಿಯ್ಯಾ ಕಾಯಿಲೆ ಬಿದ್ದರು, ಇಗ್ನೇಷಿಯಸ್ ಝೇವಿಯರರನ್ನು ಕೇಳಿದರು, ಝೇವಿಯರ್ ಒಪ್ಪಿದರು. ಆಕಾಶದಿಂದ ದನಿ ಬರಲಿಲ್ಲ. ಒಬ್ಬರ ಕಾಯಿಲೆ, ಇನ್ನೊಬ್ಬರ ಮಾತು, ಸಿದ್ಧವಾಗಿದ್ದ ಒಂದು ಮನಸ್ಸು. 1542ರ ಮೇ ತಿಂಗಳಲ್ಲಿ ಅವರು ಗೋವಾ ತಲುಪಿದ್ದು ಹೀಗೆ.

ಪಾಸ್ಟರ್ ಹೇಳಿದ್ದನ್ನು ಗೌರವದಿಂದ ಕೇಳಿ, ಆದರೆ ನಿಮ್ಮ ಮನೆಯ ಸ್ಥಿತಿ ಪೂರ್ತಿ ತಿಳಿಸಿದ ಮೇಲೆ ಮತ್ತೊಮ್ಮೆ ಕೇಳಿ. ಏಜೆಂಟ್ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿಸಿದವನೇ ನೋಡಿ. ಬಂದಿರುವುದು ಕೆಲಸದ ವೀಸಾವೋ ಭೇಟಿಯ ವೀಸಾವೋ, ಒಪ್ಪಂದದಲ್ಲಿ ರಜೆಗೆ ಊರಿಗೆ ಬರಲು ಬಿಡುತ್ತಾರೋ, ಓದಿ. ಭೇಟಿಯ ವೀಸಾ ಕೊಟ್ಟು ಅಲ್ಲಿ ಹೋದಮೇಲೆ ಬದಲಿಸೋಣ ಎಂದರೆ ಹೋಗಲೇಬೇಡಿ, ಅದಕ್ಕೆ ಬೇರೆ ಪ್ರಾರ್ಥನೆ ಬೇಕಿಲ್ಲ. ಎಲ್ಲ ಸರಿಯಿದ್ದು, ಅಮ್ಮನ ವ್ಯವಸ್ಥೆಯೂ ಆಗಿದ್ದರೆ, ಹೋಗುವುದಕ್ಕೂ ಉಳಿಯುವುದಕ್ಕೂ ನಿಮಗೆ ಸ್ವಾತಂತ್ರ್ಯವಿದೆ. ಯಾವುದನ್ನು ಆರಿಸಿದರೂ ದೇವರು ನಿಮ್ಮ ಮೇಲೆ ಸಿಟ್ಟಾಗುವುದಿಲ್ಲ. ಅಮ್ಮನ ಜೊತೆ ಮಾತಾಡಿದ ಮೇಲೆ, ಮನಸ್ಸಿದ್ದರೆ, ಇಲ್ಲೇ ಕೆಳಗೆ ಬರೆಯಿರಿ. ನಿಮಗಾಗಿ ಪ್ರಾರ್ಥಿಸುತ್ತಿರುತ್ತೇನೆ.