ವಿಪಿಎನ್ ಕೊಳ್ಳುವ ಮೊದಲು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ಲೇ ಸ್ಟೋರ್‌ನಲ್ಲಿ ಕೋಟಿಗಟ್ಟಲೆ ಡೌನ್‌ಲೋಡ್ ಆಗಿರುವ ಉಚಿತ ವಿಪಿಎನ್ ಒಂದನ್ನು ಹಾಕಿಕೊಂಡಿದ್ದೇನೆ. ‘ನೋ ಲಾಗ್’, ಅಂದರೆ ಬಳಕೆಯ ದಾಖಲೆ ಇಡುವುದಿಲ್ಲ, ಎಂದು ದೊಡ್ಡದಾಗಿ ಬರೆದಿದೆ. ನಂಬಬಹುದೇ? ದುಡ್ಡು ಕೊಟ್ಟು ಕೊಳ್ಳುವುದಾದರೆ ಏನೇನು ನೋಡಬೇಕು?
— ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಡೌನ್‌ಲೋಡ್ ಸಂಖ್ಯೆ ನೋಡಿ ನಂಬಬೇಡಿ. ವಿಪಿಎನ್ ಎಂದರೆ ನಿಮ್ಮ ಇಂಟರ್ನೆಟ್ ಸಂಚಾರವನ್ನು ತನ್ನ ಸರ್ವರ್ ಮೂಲಕ ಕಳಿಸುವ ಸೇವೆ. ಅದನ್ನು ಹಾಕಿಕೊಂಡಾಗ ಆಗುವುದು ಇಷ್ಟೇ: ನೀವು ಯಾವ ತಾಣಕ್ಕೆ ಹೋಗುತ್ತೀರಿ ಎಂಬುದು ಇದುವರೆಗೆ ಜಿಯೋ, ಏರ್‌ಟೆಲ್ ಅಥವಾ ಊರಿನ ಕೇಬಲ್ ಇಂಟರ್ನೆಟ್‌ನವರಿಗೆ ಕಾಣುತ್ತಿತ್ತು, ಇನ್ನು ಮುಂದೆ ವಿಪಿಎನ್ ಕಂಪನಿಗೆ ಕಾಣುತ್ತದೆ. ಆ ಕಂಪನಿ ಯಾರದೆಂದೇ ಗೊತ್ತಿಲ್ಲದಿದ್ದರೆ, ಲೈಸೆನ್ಸ್ ಇರುವವರಿಂದ ಜುಟ್ಟು ಬಿಡಿಸಿಕೊಂಡು ಗುರುತಿಲ್ಲದವರ ಕೈಗೆ ಕೊಟ್ಟಂತಾಯಿತು.

ಸರ್ವರ್ ಬಾಡಿಗೆ, ಬ್ಯಾಂಡ್‌ವಿಡ್ತ್ ಎಲ್ಲಕ್ಕೂ ದುಡ್ಡು ಬೇಕು. ನೀವು ಕೊಡದಿದ್ದರೆ ಅದು ಬೇರೆ ಎಲ್ಲಿಂದಲೋ ಬರುತ್ತಿದೆ. ಉಚಿತವಾಗಿ ಹೋಲಾ ಎಂಬ ವಿಪಿಎನ್ ಬಳಸುತ್ತಿದ್ದವರ ಇಂಟರ್ನೆಟ್ ಸಂಪರ್ಕವನ್ನೇ ಅದರ ಸೋದರ ಸಂಸ್ಥೆ ಬೇರೆಯವರಿಗೆ ಮಾರುತ್ತಿದೆ ಎಂಬುದು 2015ರಲ್ಲಿ ಬಯಲಾಯಿತು. ಅಂದರೆ ಯಾರೋ ಮಾಡಿದ ಕೆಲಸಕ್ಕೆ ನಿಮ್ಮ ಮನೆಯ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಆ ಸಂಪರ್ಕದ ಗುರುತಿನ ಸಂಖ್ಯೆ) ಸಾಕ್ಷಿ. ಫೇಸ್‌ಬುಕ್ 2013ರಲ್ಲಿ ಕೊಂಡ ಒನಾವೊ ಹೆಸರಿನ ವಿಪಿಎನ್, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂದು ಮಾಲೀಕರಿಗೆ ವರದಿ ಮಾಡುತ್ತಿತ್ತು. 2018ರಲ್ಲಿ ಆ್ಯಪಲ್ ಸ್ಟೋರ್‌ನಿಂದ ಅದು ಹೊರಬಿತ್ತು. ‘ನೋ ಲಾಗ್’ ಎಂದು ಹೇಳಿಕೊಳ್ಳುತ್ತಿದ್ದ ಯುಎಫ್‌ಒ ವಿಪಿಎನ್‌ನ ಲಾಗ್‌ಗಳೇ 2020ರಲ್ಲಿ ಪಾಸ್‌ವರ್ಡ್ ಇಲ್ಲದ ಡೇಟಾಬೇಸ್‌ನಲ್ಲಿ ಬಯಲಲ್ಲಿ ಬಿದ್ದಿದ್ದವು. ಇಡುವುದೇ ಇಲ್ಲ ಎಂದ ವಸ್ತು ಸೋರಿದ್ದು ಹೇಗೆ ಎಂದು ಕೇಳುವಂತಿಲ್ಲ.

ಹಾಗಾದರೆ ಯಾರನ್ನು ನಂಬುವುದು? ಪೊಲೀಸರು ಅಥವಾ ಕೋರ್ಟು ಬಾಗಿಲು ತಟ್ಟಿದಾಗ ಏನಾಯಿತು ಎಂದು ನೋಡಿ. ಜಾಹೀರಾತಿಗಿಂತ ದೊಡ್ಡ ಪರೀಕ್ಷೆ ಅದು. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಸರ್ಚ್ ವಾರಂಟ್ ಹಿಡಿದು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಹೋಗಿ ಬರಿಗೈಲಿ ಮರಳಿದರು. ಒಯ್ಯಲು ಗ್ರಾಹಕರ ಮಾಹಿತಿಯೇ ಅಲ್ಲಿರಲಿಲ್ಲ. 2016ರಲ್ಲಿ ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಎಂಬ ವಿಪಿಎನ್‌ಗೆ ಎಫ್‌ಬಿಐ ಸಮನ್ಸ್ ಬಂದಾಗಲೂ ಕೊಡಲು ಉಪಯುಕ್ತವಾದದ್ದೇನೂ ಇರಲಿಲ್ಲ ಎಂಬುದು ನ್ಯಾಯಾಲಯದ ದಾಖಲೆಯಲ್ಲಿದೆ. ಅದೇ ವರ್ಷ ಇನ್ನೊಂದು ವಿಪಿಎನ್ ಐಪಿವ್ಯಾನಿಶ್, ಲಾಗ್ ಇಡುವುದಿಲ್ಲ ಎಂದು ಹೇಳಿಕೊಳ್ಳುತ್ತಲೇ ಬಳಕೆದಾರರೊಬ್ಬರ ದಾಖಲೆಗಳನ್ನು ಅಮೆರಿಕದ ತನಿಖಾಧಿಕಾರಿಗಳಿಗೆ ಒಪ್ಪಿಸಿತ್ತು. ಸುದ್ದಿ ಹೊರಬಂದದ್ದು 2018ರಲ್ಲಿ. (ಒಡೆತನ ಆಮೇಲೆ ಬದಲಾಗಿದೆ.)

ಒಡೆತನವನ್ನೂ ಹುಡುಕಿ. ಎಕ್ಸ್‌ಪ್ರೆಸ್ ವಿಪಿಎನ್, ಸೈಬರ್‌ಗೋಸ್ಟ್, ಪ್ರೈವೇಟ್ ಇಂಟರ್ನೆಟ್ ಆಕ್ಸೆಸ್ ಮೂರೂ ಕೇಪ್ ಟೆಕ್ನಾಲಜೀಸ್‌ನವು. ನಾರ್ಡ್ ಮತ್ತು ಸರ್ಫ್‌ಶಾರ್ಕ್ 2022ರಲ್ಲಿ ಒಂದಾದವು. ಇವೆಲ್ಲ ಕೆಟ್ಟವು ಎಂದಲ್ಲ. ಒಂದೇ ಮನೆಯ ಎರಡು ಬಾಗಿಲುಗಳನ್ನು ಹೋಲಿಸಿ ಆರಿಸಿದೆ ಎಂದುಕೊಳ್ಳುವುದು ಬೇಡ, ಅಷ್ಟೇ. ಇನ್ನು ಸ್ವತಂತ್ರ ಆಡಿಟ್: ‘ಆಡಿಟ್ ಆಗಿದೆ’ ಎಂಬ ಮೊಹರಿಗೆ ಬೆಲೆಯಿಲ್ಲ. ವರದಿ ತೆರೆದು ತಾರೀಖು ನೋಡಿ, ಪರೀಕ್ಷಿಸಿದ್ದು ಫೋನಿನ ಆ್ಯಪನ್ನು ಮಾತ್ರವೋ ಸರ್ವರ್‌ಗಳನ್ನೂ ಸೇರಿಸಿಯೋ ನೋಡಿ. ಪ್ರೊಟೊಕಾಲ್ (ಡೇಟಾವನ್ನು ಗೂಢಲಿಪಿಯಲ್ಲಿ ಸಾಗಿಸುವ ವಿಧಾನ) ಪಟ್ಟಿಯಲ್ಲಿ ವೈರ್‌ಗಾರ್ಡ್ ಅಥವಾ ಓಪನ್‌ವಿಪಿಎನ್ ಇರಬೇಕು. ಭದ್ರತೆ ಸಾಲದ ಹಳೆಯ ಪಿಪಿಟಿಪಿ ಮಾತ್ರ ಕೊಡುವವರ ಕಡೆ ತಿರುಗಿಯೂ ನೋಡಬೇಡಿ.

ದುಡ್ಡಿನ ವಿಷಯ. ‘ಎರಡು ವರ್ಷಕ್ಕೆ ಶೇ 80 ರಿಯಾಯಿತಿ’ ಮೊದಲ ಸಲಕ್ಕೆ ಮಾತ್ರ; ನವೀಕರಣದ ದರ ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಎರಡು ಮೂರು ಪಟ್ಟು. ಕೊಂಡ ದಿನವೇ ಆಟೊ ರಿನ್ಯೂವಲ್ ಆಫ್ ಮಾಡಿ, ಬ್ಯಾಂಕಿನ ಇ-ಮ್ಯಾಂಡೇಟ್ ಪುಟದಿಂದಲೂ ತೆಗೆದುಹಾಕಿ. ಮುಲ್ವಾಡ್‌ನದು ಈ ರಗಳೆಯಿಲ್ಲದ ಲೆಕ್ಕ: ತಿಂಗಳಿಗೆ 5 ಯೂರೊ, ಇಮೇಲ್ ಕೂಡ ಕೇಳುವುದಿಲ್ಲ, ಒಂದು ಖಾತೆ ಸಂಖ್ಯೆ ಕೊಡುತ್ತಾರೆ. ಆ ಸಂಖ್ಯೆ ಕಳೆದರೆ ಖಾತೆಯೂ ಹೋಯಿತು ಎಂದೇ ತಿಳಿದು ಬರೆದಿಟ್ಟುಕೊಳ್ಳಿ. ಉಚಿತವೇ ಬೇಕೆಂದರೆ ಪ್ರೋಟಾನ್ ವಿಪಿಎನ್‌ನ ಉಚಿತ ಪ್ಲಾನ್ ಸಾಕು. ಡೇಟಾ ಮಿತಿಯಿಲ್ಲ, ಆ್ಯಪ್‌ಗಳ ಕೋಡ್ ಬಹಿರಂಗವಾಗಿದೆ, ಖರ್ಚು ಹೊರುವವರು ದುಡ್ಡು ಕೊಡುವ ಗ್ರಾಹಕರು. ದೇಶ ಆರಿಸುವ ಅವಕಾಶವಿಲ್ಲ, ಒಂದು ಸಾಧನಕ್ಕೆ ಮಾತ್ರ.

ರೈಲ್ವೆ ನಿಲ್ದಾಣದ ವೈಫೈನಲ್ಲಿ ಬ್ಯಾಂಕ್ ಆ್ಯಪ್ ತೆರೆಯಲು ವಿಪಿಎನ್ ಬೇಕೇ ಬೇಕೇ?
— ಬ್ಯಾಂಕ್ ಗ್ರಾಹಕಿ, ಅರಸೀಕೆರೆ

ಬೇಕಿಲ್ಲ. ಬ್ಯಾಂಕಿನ ಆ್ಯಪ್ ಮತ್ತು ಸರ್ವರ್ ನಡುವಿನ ಮಾತು ಮೊದಲೇ ಗೂಢಲಿಪಿಯಲ್ಲಿರುತ್ತದೆ. ವೈಫೈ ನಡೆಸುವವರಿಗೆ ಹೆಚ್ಚೆಂದರೆ ನೀವು ಯಾವ ಬ್ಯಾಂಕಿನವರು ಎಂದು ಗೊತ್ತಾದೀತು. ಅದಕ್ಕೂ ಮನಸ್ಸು ಒಪ್ಪದಿದ್ದರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾ ಬಳಸಿ, ಮುಗಿಯಿತು. ಕೆವೈಸಿ ಹೆಸರಲ್ಲಿ ಬರುವ ಲಿಂಕ್, ಸ್ಕ್ರೀನ್ ಹಂಚಿಕೊಳ್ಳಿ ಎನ್ನುವ ಫೋನ್ ಕರೆ, ಇವುಗಳಿಂದ ಯಾವ ವಿಪಿಎನ್ನೂ ಕಾಪಾಡುವುದಿಲ್ಲ.

ಭಾರತದಲ್ಲಿ ವಿಪಿಎನ್ ಬಳಸುವುದು ಕಾನೂನುಬದ್ಧವೇ? ‘ಇಂಡಿಯಾ’ ಸರ್ವರ್ ಆರಿಸಿದರೆ ಸಿಂಗಪುರಕ್ಕೆ ಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ, ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಬಳಸುವುದು ಅಪರಾಧವಲ್ಲ. ಆದರೆ 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್, ಇಮೇಲ್, ಕೊಟ್ಟ ಐಪಿ, ಬಳಕೆಯ ಉದ್ದೇಶ ಇಷ್ಟನ್ನೂ 5 ವರ್ಷ ಇಟ್ಟುಕೊಳ್ಳಬೇಕು. ವಿಪಿಎನ್ ಕಂಪನಿಗಳಿಗೆ ಕೊಟ್ಟ ಗಡುವು ಆ ವರ್ಷದ ಸೆಪ್ಟೆಂಬರ್ 25. ನಿಮ್ಮ ಕಚೇರಿಯ ಕಾರ್ಪೊರೇಟ್ ವಿಪಿಎನ್‌ಗೆ ಇದು ಅನ್ವಯಿಸುವುದಿಲ್ಲ.

ಗೆಳೆಯ ಹೇಳಿದ್ದು ಸರಿ. ನಿಯಮ ಒಪ್ಪದ ಎಕ್ಸ್‌ಪ್ರೆಸ್, ಸರ್ಫ್‌ಶಾರ್ಕ್, ನಾರ್ಡ್, ಪ್ರೋಟಾನ್ ಭಾರತದ ಸರ್ವರ್‌ಗಳನ್ನೇ ಎತ್ತಿಕೊಂಡು ಹೋದವು. ಈಗ ಅಂಥ ಆ್ಯಪ್‌ನಲ್ಲಿ ‘ಇಂಡಿಯಾ’ ಎಂದು ಕಂಡರೆ ಯಂತ್ರ ಇರುವುದು ಸಿಂಗಪುರ, ಬ್ರಿಟನ್‌ನಂಥ ಹೊರದೇಶದಲ್ಲಿ, ಐಪಿ ವಿಳಾಸ ಮಾತ್ರ ಭಾರತದ್ದು. ಕೋರಮಂಗಲದಿಂದ ವೈಟ್‌ಫೀಲ್ಡ್‌ನ ಸರ್ವರ್‌ಗೆ ಹೋಗಬೇಕಾದ ಡೇಟಾ ಸಮುದ್ರ ದಾಟಿ ವಾಪಸ್ ಬರುತ್ತದೆ. ಗೇಮ್, ವಿಡಿಯೊ ಕರೆ ತಡವರಿಸುವುದು ಇದಕ್ಕೇ. ಇದಕ್ಕೆ ತದ್ವಿರುದ್ಧವಾಗಿ, ಸರ್ವರ್ ನಿಜಕ್ಕೂ ಮುಂಬೈನಲ್ಲಿದೆ ಎನ್ನುವ ವಿಪಿಎನ್ ಕಂಡರೆ, ನಿಮ್ಮ ವಿವರ 5 ವರ್ಷ ಯಾರ ಬಳಿ ಇರುತ್ತದೆ ಎಂದು ಕೇಳಿಕೊಳ್ಳಿ. ಹಾಗೆಯೇ ಜಮ್ಮು-ಕಾಶ್ಮೀರಕ್ಕೆ ಪ್ರವಾಸ ಹೊರಟಿದ್ದರೆ ಜಿಲ್ಲಾಡಳಿತದ ಆದೇಶ ನೋಡಿಕೊಂಡು ಹೋಗಿ. ಅಲ್ಲಿನ ಕೆಲವು ಜಿಲ್ಲೆಗಳಲ್ಲಿ 2025ರಲ್ಲೂ ವಿಪಿಎನ್ ಬಳಕೆಗೆ ತಾತ್ಕಾಲಿಕ ನಿಷೇಧ ಹೇರಲಾಗಿತ್ತು.

ದುಬೈಗೆ ಕೆಲಸಕ್ಕೆ ಬಂದಿದ್ದೇನೆ. ಊರಿಗೆ ವಾಟ್ಸ್‌ಆ್ಯಪ್ ಕರೆ ಮಾಡಲು ರೂಮಿನವರೆಲ್ಲ ವಿಪಿಎನ್ ಬಳಸುತ್ತಾರೆ. ನಾನೂ ಹಾಕಿಕೊಳ್ಳಲೇ?
— ಮಂಗಳೂರಿನವರು, ದುಬೈ

ಹಾಕಿಕೊಳ್ಳಬೇಡಿ. ಯುಎಇಯಲ್ಲಿ ಕಂಪನಿಗಳು ಒಳಗಿನ ಕೆಲಸಕ್ಕೆ ವಿಪಿಎನ್ ಬಳಸಬಹುದು. ಆದರೆ ಐಪಿ ವಿಳಾಸ ಮರೆಮಾಚಿ ಅಪರಾಧ ಎಸಗಿದರೆ ಅಥವಾ ಅದು ಪತ್ತೆಯಾಗದಂತೆ ತಡೆದರೆ 2021ರ 34ನೇ ಕಾಯ್ದೆಯಡಿ ಜೈಲು, ಇಲ್ಲವೇ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ, ಅಥವಾ ಎರಡೂ. ಅಲ್ಲಿ ತಡೆಹಿಡಿದಿರುವ ವಾಟ್ಸ್‌ಆ್ಯಪ್ ಕರೆಯನ್ನು ವಿಪಿಎನ್ ಮೂಲಕ ಮಾಡುವುದು ಈ ಗೆರೆಯ ಯಾವ ಕಡೆ ಬೀಳುತ್ತದೆ ಎಂದು ಪರೀಕ್ಷಿಸಲು ವೀಸಾ ಮೇಲೆ ಇರುವವರು ಮುಂದಾಗಬಾರದು. ರೂಮಿನವರೆಲ್ಲ ಬಳಸುತ್ತಾರೆ ಎಂಬುದು ಪೊಲೀಸ್ ಠಾಣೆಯಲ್ಲಿ ಉತ್ತರವಾಗದು. ಬೋಟಿಮ್, ಟೀಮ್ಸ್, ಜೂಮ್ ಎಂಬ ಕರೆ ಆ್ಯಪ್‌ಗಳಿಗೆ ಅಲ್ಲಿ ಅನುಮತಿಯಿದೆ. ಅಮ್ಮನ ಫೋನಿಗೆ ಬೋಟಿಮ್ ಹಾಕಿಸಲು ಹತ್ತು ನಿಮಿಷ ಸಾಕು. ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಿಕೆ, ಫೋಟೊಗಳಿಗಂತೂ ತಡೆಯೇ ಇಲ್ಲ.

ಗ್ವಾಂಗ್‌ಝೌದ ಕ್ಯಾಂಟನ್ ಮೇಳಕ್ಕೆ ಹೊರಟಿದ್ದೇನೆ. ಜಿಮೇಲ್, ವಾಟ್ಸ್‌ಆ್ಯಪ್ ಇಲ್ಲದೆ ವ್ಯಾಪಾರ ಸಾಗದು. ಏನು ಮಾಡಲಿ?
— ಹಾರ್ಡ್‌ವೇರ್ ವರ್ತಕ, ಚಿಕ್ಕಪೇಟೆ

ನಿಮ್ಮದೇ ಭಾರತದ ಸಿಮ್‌ಗೆ ಅಂತಾರಾಷ್ಟ್ರೀಯ ರೋಮಿಂಗ್ ಪ್ಯಾಕ್ ಹಾಕಿಸಿ. ರೋಮಿಂಗ್‌ನಲ್ಲಿ ಡೇಟಾ ಸಾಮಾನ್ಯವಾಗಿ ನಿಮ್ಮ ಮೂಲ ಕಂಪನಿಯ ಜಾಲಕ್ಕೆ ಬಂದು ಅಲ್ಲಿಂದ ಹೊರಡುತ್ತದೆ, ಹಾಗಾಗಿ ಜಿಮೇಲ್, ವಾಟ್ಸ್‌ಆ್ಯಪ್‌ಗಳನ್ನು ತಡೆಯುವ ಚೀನಾದ ಇಂಟರ್ನೆಟ್ ಗೋಡೆ ಅಡ್ಡ ಬರುವುದಿಲ್ಲ. ವಿಪಿಎನ್ ಇಲ್ಲದೆಯೇ ಜಿಮೇಲ್ ತೆರೆಯುತ್ತದೆ. ಹೋಟೆಲ್ ವೈಫೈಗೆ ಸೇರಿದ ಕ್ಷಣ ಎಲ್ಲವೂ ನಿಲ್ಲುತ್ತದೆ. ಬಹಳ ಜನ ಎಡವುವುದು ಇಲ್ಲೇ: ಪ್ಯಾಕ್ ಉಳಿಸಲು ವೈಫೈ ಹಾಕಿಕೊಂಡು, ರೋಮಿಂಗ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಅಲ್ಲಿ ಸರ್ಕಾರದ ಒಪ್ಪಿಗೆಯಿಲ್ಲದ ವಿಪಿಎನ್‌ಗೆ ಕಾನೂನಿನ ಮಾನ್ಯತೆಯಿಲ್ಲ. ಆ ಅಪಾಯ ಅರಿತೂ ಒಯ್ಯುವುದಾದರೆ ಊರಲ್ಲೇ ಇನ್‌ಸ್ಟಾಲ್ ಮಾಡಿ ಲಾಗಿನ್ ಆಗಿರಬೇಕು, ಏಕೆಂದರೆ ಚೀನಾದಲ್ಲಿ ಪ್ಲೇ ಸ್ಟೋರೂ ತೆರೆಯದು, ವಿಪಿಎನ್ ಕಂಪನಿಯ ತಾಣವೂ ತೆರೆಯದು. ಬರಿಯ ವೈರ್‌ಗಾರ್ಡ್‌ನ ಗುರುತು ಆ ಗೋಡೆಗೆ ಸುಲಭವಾಗಿ ಸಿಗುತ್ತದೆ. ಸಂಚಾರವನ್ನು ಮಾಮೂಲಿ ವೆಬ್ ಸಂಚಾರದಂತೆ ತೋರಿಸುವ ಮೋಡ್, ಪ್ರೋಟಾನ್‌ನಲ್ಲಿ ‘ಸ್ಟೆಲ್ತ್’ ಎನ್ನುವಂಥದ್ದು, ಇರಬೇಕು. ಅದೂ ಒಂದು ದಿನ ಓಡಿ ಮರುದಿನ ನಿಲ್ಲಬಹುದು.

ನ್ಯೂಜೆರ್ಸಿಯಲ್ಲಿದ್ದೇವೆ. ಮೈಸೂರಿನ ಮನೆಯ ಜಿಯೋಹಾಟ್‌ಸ್ಟಾರ್ ಚಂದಾದಲ್ಲಿ ಅತ್ತೆಗೆ ಕನ್ನಡ ಧಾರಾವಾಹಿ ತೋರಿಸಬೇಕು. ಎರಡು ವಿಪಿಎನ್ ಕೊಂಡೆವು, ಎರಡೂ ಸೋತವು.
— ಗೃಹಸ್ಥರು, ಎಡಿಸನ್

ಸೋತದ್ದಕ್ಕೆ ಕಾರಣವಿದೆ. ವಿಪಿಎನ್ ಕಂಪನಿಗಳ ಐಪಿ ವಿಳಾಸಗಳು ಡೇಟಾ ಸೆಂಟರ್‌ಗಳ ಹೆಸರಲ್ಲಿರುತ್ತವೆ, ಒಂದೇ ವಿಳಾಸದಿಂದ ಸಾವಿರಾರು ಜನ ಬರುತ್ತಾರೆ. ಸ್ಟ್ರೀಮಿಂಗ್‌ನವರು ಆ ಪಟ್ಟಿ ಇಟ್ಟುಕೊಂಡು ಬಾಗಿಲು ಹಾಕುತ್ತಾರೆ. ಹೊಸ ವಿಳಾಸ ತಂದರೆ ಕೆಲವು ವಾರ ನಡೆಯುತ್ತದೆ, ಮತ್ತೆ ಬಂದ್. ನೆಟ್‌ಫ್ಲಿಕ್ಸ್ 2016ರಿಂದ ಇದನ್ನೇ ಮಾಡುತ್ತಿದೆ. ‘ಎಲ್ಲ ಸ್ಟ್ರೀಮಿಂಗ್ ಖಾತರಿ’ ಎನ್ನುವ ಜಾಹೀರಾತು ನಂಬಿ ಎರಡು ವರ್ಷಕ್ಕೆ ದುಡ್ಡು ಕಟ್ಟಲೇಬೇಡಿ. ಒಂದು ತಿಂಗಳಿಗೆ ಕೊಳ್ಳಿ, ಇಲ್ಲವೇ 30 ದಿನದೊಳಗೆ ಹಣ ವಾಪಸ್ ಕೇಳಿ. ಕಂಪನಿಯ ತಾಣದಲ್ಲೇ ಕೊಂಡಿರಿ. ಆ್ಯಪ್ ಸ್ಟೋರ್ ಮೂಲಕ ಕೊಂಡರೆ ಮರುಪಾವತಿಗೆ ಆ್ಯಪಲ್ ಅಥವಾ ಗೂಗಲ್ ಬಳಿಗೇ ಅಲೆಯಬೇಕು.

ಮೊದಲು ನೇರ ದಾರಿ ನೋಡಿ: ಜೀ5, ಸನ್ ನೆಕ್ಸ್ಟ್ ಹೊರದೇಶದವರಿಗೇ ಚಂದಾ ಮಾರುತ್ತವೆ. ಅತ್ತೆಯ ಧಾರಾವಾಹಿ ಅಲ್ಲಿದ್ದರೆ ಉಳಿದ ಉಪದ್ವ್ಯಾಪ ಬೇಡ.

ಇಲ್ಲದಿದ್ದರೆ ಮೈಸೂರಿನ ಮನೆಯನ್ನೇ ವಿಪಿಎನ್ ಮಾಡಿಕೊಳ್ಳಬಹುದು. ಭಾರತದ ಚಂದಾ ಭಾರತದೊಳಗಿನ ವೀಕ್ಷಣೆಗೆ ಮಾರಿದ್ದು, ಹೊರಗಿಂದ ನೋಡುವುದು ಷರತ್ತಿಗೆ ವಿರುದ್ಧ, ಖಾತೆ ನಿಂತರೆ ದೂರುವಂತಿಲ್ಲ ಎಂಬುದು ತಿಳಿದಿರಲಿ. ಇದೇ ಏರ್ಪಾಡು ಭಾರತದ ಐಪಿ ಕೇಳುವ ಸರ್ಕಾರಿ ತಾಣಗಳಿಗೂ ಒದಗುತ್ತದೆ. ಮನೆಯ ಬ್ರಾಡ್‌ಬ್ಯಾಂಡ್ ಬಹುಪಾಲು ಸಿಜಿ-ನ್ಯಾಟ್ ಹಿಂದೆ ಇರುತ್ತದೆ, ಅಂದರೆ ಒಂದು ಐಪಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತವೆ. ರೂಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿಂದ ಒಳಬರಲಾಗದು. ದೂರದ ಸಾಧನಗಳನ್ನು ಖಾಸಗಿ ಜಾಲವಾಗಿ ಜೋಡಿಸುವ ಟೇಲ್‌ಸ್ಕೇಲ್ ಎಂಬ ಆ್ಯಪ್ ಈ ಗಂಟು ಬಿಡಿಸುತ್ತದೆ, ವೈಯಕ್ತಿಕ ಬಳಕೆಗೆ ಉಚಿತ.

ಮೈಸೂರಿನ ಮನೆಯಲ್ಲಿ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಆ್ಯಪಲ್ ಟಿವಿ ಅಥವಾ ಸದಾ ಆನ್ ಇರುವ ಹಳೆಯ ಲ್ಯಾಪ್‌ಟಾಪ್‌ಗೆ ಟೇಲ್‌ಸ್ಕೇಲ್ ಹಾಕಿ ‘ಎಕ್ಸಿಟ್ ನೋಡ್’ (ನಿಮ್ಮ ಸಂಚಾರ ಇಂಟರ್ನೆಟ್‌ಗೆ ಹೊರಡುವ ಬಾಗಿಲು) ಆಗಿ ನಡೆಸಿ. (ಹಳೆಯ ಆಂಡ್ರಾಯ್ಡ್ ಫೋನಿನಲ್ಲೂ ಆಗುತ್ತದೆ, ಆದರೆ ವೇಗ ಕಡಿಮೆ, ಹಗಲೂ ರಾತ್ರಿ ಚಾರ್ಜ್‌ಗೆ ಹಾಕಿದರೆ ಬ್ಯಾಟರಿ ಊದಿಕೊಳ್ಳುತ್ತದೆ.) ಬಳಿಕ ವೆಬ್‌ನಲ್ಲಿ ಅಡ್ಮಿನ್ ಪುಟ ತೆರೆದು ಆ ಯಂತ್ರದ ರೂಟ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸಿಟ್ ನೋಡ್‌ಗೆ ಟಿಕ್ ಹಾಕಿ; ಇದನ್ನು ಮರೆತರೆ ಎಡಿಸನ್‌ನ ಟಿವಿಯಲ್ಲಿ ಮೈಸೂರು ಕಾಣುವುದೇ ಇಲ್ಲ. ಅದೇ ಪುಟದಲ್ಲಿ ‘ಕೀ ಎಕ್ಸ್‌ಪೈರಿ’ ಆಫ್ ಮಾಡಿ. ಇಲ್ಲದಿದ್ದರೆ 180 ದಿನಕ್ಕೆ ಯಂತ್ರ ಮತ್ತೆ ಲಾಗಿನ್ ಕೇಳುತ್ತದೆ, ಬೀಗ ಹಾಕಿದ ಮನೆಯಲ್ಲಿ ಲಾಗಿನ್ ಮಾಡುವವರು ಯಾರು? ಎಲ್ಲ ಮುಗಿದ ಮೇಲೆ ಟಿವಿಯ ಟೇಲ್‌ಸ್ಕೇಲ್ ಆ್ಯಪ್‌ನಲ್ಲಿ ಮೈಸೂರಿನ ನೋಡ್ ಆರಿಸಿ.

ಇಲ್ಲಿ ಲೆಕ್ಕಕ್ಕೆ ಬರುವುದು ಮೈಸೂರಿನ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಎಚ್‌ಡಿಗೆ 5 ಎಂಬಿಪಿಎಸ್ ಸಾಕು, 4ಕೆಗೆ 15 ಬೇಕು. ಚಿತ್ರ ತಡವರಿಸಿದರೆ ಸಂಪರ್ಕ ‘ಡೈರೆಕ್ಟ್’ (ನೇರ) ಇದೆಯೋ ‘ರಿಲೇ’ (ನಡುವಿನ ಸರ್ವರ್) ಮೂಲಕವೋ ನೋಡಿ. ರಿಲೇ ಆಗಿದ್ದರೆ ಎರಡೂ ಕಡೆ ರೂಟರ್‌ನಲ್ಲಿ ಐಪಿವಿ6 (ಐಪಿ ವಿಳಾಸದ ಹೊಸ ಬಗೆ) ಆನ್ ಮಾಡಿದಾಗ ಹಲವು ಸಲ ಸರಿಹೋಗುತ್ತದೆ. ರೂಟರ್‌ಗೆ ಒಂದು ಪುಟ್ಟ ಯುಪಿಎಸ್ ಇಡಿಸಿ. ಹಾಟ್‌ಸ್ಟಾರ್‌ನ ಒಟಿಪಿ ಭಾರತದ ನಂಬರಿಗೆ ಬರುತ್ತದೆ ಎಂಬುದೂ ನೆನಪಿರಲಿ.

ವಿಪಿಎನ್ ಆನ್ ಮಾಡಿದರೆ ಬ್ಯಾಂಕ್ ಆ್ಯಪ್ ‘ಇಂಟರ್ನೆಟ್ ಇಲ್ಲ’ ಎನ್ನುತ್ತದೆ, ಕೆಲವು ತಾಣಗಳು ಅರ್ಧ ತೆರೆದು ನಿಲ್ಲುತ್ತವೆ. ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ?
— ಉಪನ್ಯಾಸಕಿ, ಶಿವಮೊಗ್ಗ

ಕೊನೆಯದನ್ನು ಮೊದಲು ನೋಡೋಣ. ವಿಪಿಎನ್ ಇಲ್ಲದೆ ಐಪಿಲೀಕ್ ಡಾಟ್ ನೆಟ್ ತೆರೆದು ಸ್ಕ್ರೀನ್‌ಶಾಟ್ ತೆಗೆಯಿರಿ, ಆನ್ ಮಾಡಿ ಮತ್ತೆ ತೆರೆಯಿರಿ. ಮೂರು ಸಾಲು ಹೋಲಿಸಿ: ಐಪಿವಿ4 (ಐಪಿ ವಿಳಾಸದ ಹಳೆಯ ಬಗೆ), ಐಪಿವಿ6 (ಹೊಸ ಬಗೆ), ಡಿಎನ್ಎಸ್ (ತಾಣದ ಹೆಸರಿಗೆ ಐಪಿ ಹುಡುಕಿಕೊಡುವ ಸರ್ವರ್). ಮೊದಲಿನದೇ ವಿಳಾಸ ಕಂಡ ಸಾಲು ಸೋರುತ್ತಿದೆ ಎಂದರ್ಥ. ನಮ್ಮಲ್ಲಿ ಸೋರುವುದು ಹೆಚ್ಚಾಗಿ ನಡುವಿನದು. ಜಿಯೋ ಮೊಬೈಲ್ ಜಾಲ ಬಹುಮಟ್ಟಿಗೆ ಐಪಿವಿ6ರ ಮೇಲೆ ನಡೆಯುತ್ತದೆ. ವಿಪಿಎನ್ ಐಪಿವಿ4 ಮಾತ್ರ ಹೊತ್ತೊಯ್ದು ಐಪಿವಿ6 ಅನ್ನು ತಡೆಯದೆ ಬಿಟ್ಟರೆ ನಿಮ್ಮ ಅಸಲಿ ವಿಳಾಸ ಅಲ್ಲೇ ಕೂತಿರುತ್ತದೆ. ಹಾಗಾದರೆ ಆ ವಿಪಿಎನ್ ಬದಲಿಸಿ.

ಅರ್ಧ ತೆರೆಯುವ ತಾಣಗಳಿಗೆ ಕಾರಣ ಸಾಮಾನ್ಯವಾಗಿ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ವೈರ್‌ಗಾರ್ಡ್‌ನಲ್ಲಿ ಅದು ಸಾಮಾನ್ಯವಾಗಿ 1420. ದಾರಿಯಲ್ಲಿ ಅಷ್ಟಕ್ಕೆ ಜಾಗವಿಲ್ಲದಿದ್ದರೆ ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಬಿದ್ದುಹೋಗುತ್ತದೆ: ಶೀರ್ಷಿಕೆ ಬರುತ್ತದೆ, ಚಿತ್ರ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 1280ಕ್ಕೆ ಇಳಿಸಿ ನೋಡಿ.

ಬ್ಯಾಂಕ್ ಆ್ಯಪ್‌ನದು ಬೇರೆ ಕಥೆ. ಸ್ಪ್ಲಿಟ್ ಟನೆಲಿಂಗ್‌ನಲ್ಲಿ ಅದನ್ನು ವಿಪಿಎನ್‌ನಿಂದ ಹೊರಗಿಟ್ಟಿದ್ದೀರಿ, ಜೊತೆಗೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನ ವಿಪಿಎನ್ ಪುಟದಲ್ಲಿ ಗೇರ್ ಚಿಹ್ನೆ ಒತ್ತಿ ‘ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್’ ಕೂಡ ಆನ್ ಮಾಡಿದ್ದೀರಿ ಎಂದು ತೋರುತ್ತದೆ. ಎರಡೂ ಒಟ್ಟಿಗೆ ನಡೆಯುವುದಿಲ್ಲ: ಒಂದು ಹೊರಗೆ ಹೋಗು ಎನ್ನುತ್ತದೆ, ಇನ್ನೊಂದು ಹೊರಗಿನ ಬಾಗಿಲು ಹಾಕುತ್ತದೆ. ಬ್ಲಾಕ್ ಆಫ್ ಮಾಡಿ, ‘ಆಲ್ವೇಸ್ ಆನ್’ ಮಾತ್ರ ಉಳಿಸಿ. ಹೋಟೆಲ್ ವೈಫೈನ ಲಾಗಿನ್ ಪುಟ ತೆರೆಯದೆ ಸತಾಯಿಸುವುದಕ್ಕೂ ಹಲವು ಸಲ ಇದೇ ಬ್ಲಾಕ್ ಕಾರಣ. ಲಾಗಿನ್ ಆಗುವ ತನಕ ಆಫ್ ಮಾಡಿ, ಆಮೇಲೆ ಹಾಕಿಕೊಳ್ಳಿ.